ಬಾಯಿ ನೋಯುವ ಮೊದಲೇ ಶುರು ಮಾಡು

ಪ್ರೀತಿಯ ಗೆಳೆಯ,

ಬಾಯಿಯ ಕ್ಯಾನ್ಸರಿಗೆ ಸೋಮವಾರದಿಂದ ಕರೆಂಟ್, ಅಂದರೆ ರೇಡಿಯೇಷನ್, ಕೊಡುವುದು ಶುರು ಅಂದೆಯಲ್ಲ. ವಾರಕ್ಕೆ ಐದರಂತೆ 33 ಸಲ ಅಂದರೆ ಆರೂವರೆ ವಾರ. ಮೊದಲ ಹತ್ತು ದಿನ ‘ಇಷ್ಟೇನಾ’ ಅನ್ನಿಸುತ್ತದೆ. ಆ ಮಾತನ್ನು ನಂಬಬೇಡ. ಬಾಯಿಹುಣ್ಣು ಏಳುವುದು ಎರಡು-ಮೂರನೇ ವಾರದಲ್ಲಿ. ಅಷ್ಟರೊಳಗೆ ಈ ಕೆಲಸಗಳೆಲ್ಲ ರೂಢಿಯಾಗಿರಲಿ.

ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ ಬೆರೆಸಿಟ್ಟುಕೋ. ಎಚ್ಚರವಿರುವಷ್ಟು ಹೊತ್ತು ಎರಡು ಗಂಟೆಗೊಮ್ಮೆ ಮುಕ್ಕಳಿಸಿ ಉಗಿ, ನುಂಗಬೇಡ. ಅಂಟಂಟಾದ ಎಂಜಲನ್ನು ಸೋಡಾ ಸಡಿಲ ಮಾಡುತ್ತದೆ. ದಿನವೂ ಹೊಸದಾಗಿ ಮಾಡಿಕೊಳ್ಳಬೇಕು. ಅಂಗಡಿಯ ಮೌತ್‌ವಾಶ್‌ಗಳಲ್ಲಿ ಹಲವಕ್ಕೆ ಆಲ್ಕೋಹಾಲ್ ಹಾಕಿರುತ್ತಾರೆ, ಹುಣ್ಣಿಗೆ ಅದು ಬೆಂಕಿ. ನಾಲಿಗೆ, ಕೆನ್ನೆಯ ಒಳಗೆ ಮೊಸರಿನಂಥ ಬಿಳಿ ಪದರ ಕಂಡರೆ ಅದು ಫಂಗಸ್ ಇರಬಹುದು. ಬರೀ ಮುಕ್ಕಳಿಸಿದರೆ ಹೋಗುವುದಿಲ್ಲ, ಡಾಕ್ಟರಿಗೆ ತೋರಿಸು.

ಊಟದ ವಿಷಯದಲ್ಲಿ ಹಟ ಹಿಡಿದೇ ಹೇಳುತ್ತೇನೆ. ರುಚಿ ಹೋಗುತ್ತದೆ, ಹಸಿವೂ ಹೋಗುತ್ತದೆ. ಆಗ ಊಟವನ್ನೂ ಔಷಧಿಯಂತೆ ಗಡಿಯಾರ ನೋಡಿ ತೆಗೆದುಕೊಳ್ಳಬೇಕು. ನೋವಿನ ಔಷಧಿ ಬರೆದುಕೊಟ್ಟಿದ್ದರೆ ಊಟಕ್ಕೆ ಅರ್ಧ ಗಂಟೆ ಮುಂಚೆ ತೆಗೆದುಕೋ. ರಾಗಿ ಗಂಜಿಗೆ ನೀರಿನ ಬದಲು ಹಾಲು, ಮೇಲೊಂದು ಚಮಚ ತುಪ್ಪ, ಹಾಲಲ್ಲಿ ನೆನೆಸಿದ ಇಡ್ಲಿ, ಖಾರವಿಲ್ಲದ ಬೇಳೆಕಟ್ಟು. ದಿನಕ್ಕೆ ಆರೇಳು ಸಲ, ಸ್ವಲ್ಪ ಸ್ವಲ್ಪ. ಹುಣಸೆ, ಟೊಮೆಟೊ, ಹುಳಿ ಮಜ್ಜಿಗೆ ಉರಿಸುತ್ತವೆ. ಪ್ರತಿ ವಾರ ಒಂದೇ ತಕ್ಕಡಿಯಲ್ಲಿ ತೂಕ ನೋಡಿಸು. ಮುಖ ಇಳಿದರೆ, ಕರೆಂಟ್ ಕೊಡುವಾಗ ತಲೆ ಅಲುಗದಂತೆ ಹಾಕುವ ಮಾಸ್ಕ್ ಸಡಿಲವಾಗುತ್ತದೆ, ಕಿರಣ ಬೀಳಬೇಕಾದ ಜಾಗ ತಪ್ಪೀತು. ಸಡಿಲ ಅನ್ನಿಸಿದ ದಿನವೇ ಟೆಕ್ನಿಷಿಯನ್‌ಗೆ ಹೇಳು. ಆಹಾರ ಕೊಡಲು ಮೂಗಿನಿಂದ ಟ್ಯೂಬ್ ಹಾಕೋಣ ಅಂದರೆ ಬೇಡವೆನ್ನಬೇಡ. ಟ್ಯೂಬ್ ಇದ್ದರೂ, ಡಾಕ್ಟರು ಒಪ್ಪಿದರೆ, ಗುಟುಕು ಗುಟುಕಾಗಿ ನೀರು ನುಂಗುತ್ತಲೇ ಇರು. ಬಳಸದ ಗಂಟಲಿನ ಸ್ನಾಯು ಬಿಗಿದುಕೊಂಡರೆ ಮತ್ತೆ ನುಂಗುವುದನ್ನು ಕಲಿಯುವುದು ಬಲು ಕಷ್ಟ. ಕುಡಿಯುವಾಗ ಕೆಮ್ಮು ಬಂದರೆ, ಜ್ವರ ಬಂದರೆ, ಅವತ್ತೇ ಆಸ್ಪತ್ರೆಗೆ ಹೋಗು.

ದವಡೆಯನ್ನು ಮಾತ್ರ ಎಲ್ಲರೂ ಮರೆಯುತ್ತಾರೆ. ಈಗ ನಿನ್ನ ಬಾಯಿಗೆ ಮೂರು ಬೆರಳು ಒಂದರ ಮೇಲೊಂದಾಗಿ ಹಿಡಿಯುತ್ತವೆಯೇ ನೋಡಿಕೋ. ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಪೇರಿಸಿ ಹಲ್ಲುಗಳ ನಡುವೆ ಇಟ್ಟು 30 ಸೆಕೆಂಡ್ ಹಿಡಿ. ಹೀಗೆ ಐದು ಬಾರಿ, ದಿನಕ್ಕೆ ಐದು ಸಲ. ಬಿಗಿತ ಬರುವುದು ತಿಂಗಳುಗಳ ನಂತರವೂ ಉಂಟು, ಆದ್ದರಿಂದ ಕರೆಂಟ್ ಮುಗಿದ ಮೇಲೂ ನಿಲ್ಲಿಸಬೇಡ.

ಕೆಟ್ಟ ಹಲ್ಲು ಕೀಳಿಸಿ ಎರಡು ವಾರ ಆಯಿತು ಅಂದೆ, ಒಳ್ಳೆಯದಾಯಿತು. ಇನ್ನು ಮುಂದೆ, ಹತ್ತು ವರ್ಷ ಕಳೆದ ಮೇಲೂ, ರೇಡಿಯೇಷನ್ ಆಗಿದೆ ಅಂತ ಹೇಳದೆ ಯಾರ ಹತ್ತಿರವೂ ಹಲ್ಲು ಕೀಳಿಸಬೇಡ. ಕಿರಣ ತಾಗಿದ ದವಡೆ ಮೂಳೆಗೆ ರಕ್ತ ಕಡಿಮೆ. ಗಾಯ ಮಾಯದೆ ಮೂಳೆಯೇ ಕೊಳೆಯಬಹುದು. ಎಂಜಲು ಬತ್ತಿದ ಬಾಯಲ್ಲಿ ಹುಳುಕು ಬೇಗ ಹತ್ತುತ್ತದೆ, ದಂತವೈದ್ಯರು ಕೊಡುವ ಫ್ಲೋರೈಡ್ ತಪ್ಪಿಸಬೇಡ. ಅಡಿಕೆ, ಗುಟ್ಕಾ ಮನೆಯೊಳಗೇ ಬರದಿರಲಿ.

ಕೊನೆಯ ದಿನ ಮುಗಿದ ಮೇಲೂ ಒಂದೆರಡು ವಾರ ನೋವು ಏರಬಹುದು. ಗಾಬರಿಯಾಗಬೇಡ, ಆಮೇಲೆ ಇಳಿಯುತ್ತದೆ.

ಸೋಮವಾರ ಕಾಲರ್ ಇಲ್ಲದ ಸಡಿಲ ಹತ್ತಿ ಅಂಗಿ ಹಾಕಿಕೊಂಡು ಹೋಗು. ಉಪ್ಪು-ಸೋಡಾ ನೀರಿನ ಬಾಟಲಿ ಚೀಲದಲ್ಲಿರಲಿ.

ನಿನ್ನ ಗೆಳೆಯ