ದೋಸ್ತಾ, ನಿಮ್ಮ ಮೇಡಂಗೆ ಕಾಫಿ ಬೀಜ

ದೋಸ್ತಾ,

ನೀನು ಕೇಳಿದ್ದು ಒಂದೇ ಸಾಲು. ನಮ್ಮ ಮೇಡಂ ರಿಟೈರ್ ಆಗುತ್ತಿದ್ದಾರೆ, ಕಾಫಿ ಅಂದರೆ ಪ್ರಾಣ, ಮನೆಯಲ್ಲಿ ಗ್ರೈಂಡರ್ ಇಟ್ಟುಕೊಂಡಿದ್ದಾರೆ, ನಮ್ಮ ಕಡೆಯ ಒಳ್ಳೆ ಬೀಜ ಹುಡುಕಿ ಪುಣೆಗೆ ಕಳಿಸು ಅಂತ. ಉತ್ತರ ಮಾತ್ರ ಉದ್ದ ಆಗುತ್ತಿದೆ. ಎಲ್ಲರ ಎದುರಿಗೇ ಬರೆಯುತ್ತಿದ್ದೇನೆ, ಯಾಕೆಂದರೆ ಈ ಪ್ರಶ್ನೆ ಕೇಳುವವನು ನೀನೊಬ್ಬನೇ ಅಲ್ಲ. ಹಳೇ ರೂಮಿನ ಗ್ಯಾಂಗ್ ಓದುತ್ತಿದ್ದರೆ ಅವರಿಗೂ ನಮಸ್ಕಾರ. ಸ್ಟೂಲಿನ ವಿಷಯ ಮಾತ್ರ ಯಾರೂ ಎತ್ತಬೇಡಿ.

ನಮ್ಮ ಕಡೆ ಅಂದರೆ ಯಾವ ಕಡೆ ಮಾರಾಯ? ದಾವಣಗೆರೆಯಲ್ಲಿ ಕಾಫಿ ಗಿಡ ಎಲ್ಲಿದೆ? ಭತ್ತ ಇದೆ, ಅಡಿಕೆ ಇದೆ, ಮೆಕ್ಕೆಜೋಳ ಇದೆ. ಸಂಜೆಯಾದರೆ ಮಂಡಕ್ಕಿ, ಮೆಣಸಿನಕಾಯಿ, ಆಮೇಲೆ ಒಂದು ಚಹಾ. ಕಾಫಿ ಕುಡಿಯುವುದಿಲ್ಲ ಅಂತಲ್ಲ. ಪುಡಿ ಬೇಕಾದಷ್ಟು ಸಿಗುತ್ತದೆ, ಬೀಜ ಸಿಗುವುದು ಕಷ್ಟ.

ಪೇಟೆಯ ಒಂದು ಹಳೇ ಪುಡಿ ಅಂಗಡಿಗೆ ಹೋಗಿ, "ಬೀಜ ಹಾಗೇ ಕೊಡಿ, ಪುಡಿ ಮಾಡಬೇಡಿ" ಅಂದೆ. "ಚಿಕೋರಿ ಎಷ್ಟು ಹಾಕಲಿ?" ಅಂತ ಕೇಳಿದರು. ಅವರ ಕೈಗೆ ಅದೇ ರೂಢಿ. ನಮ್ಮೂರಿನ ನಾಲಿಗೆಗೆ ಚಿಕೋರಿ ಬೇಕು. ಡಿಕಾಕ್ಷನ್ನಿಗೆ ಬಣ್ಣ ಬರುತ್ತದೆ, ಮಂದವಾಗುತ್ತದೆ, ದುಡ್ಡೂ ಉಳಿಯುತ್ತದೆ. ಕಾಫಿ ಚಿಕೋರಿ ಮಿಶ್ರಣದಲ್ಲಿ ಚಿಕೋರಿ ನೂರಕ್ಕೆ 49ರ ತನಕ ಇರಬಹುದು ಅಂತ ಕಾನೂನೇ ಹೇಳುತ್ತದೆ, ಎಷ್ಟಿದೆ ಅಂತ ಪ್ಯಾಕೆಟ್ಟಿನ ಮೇಲೆ ಬರೆದಿರಬೇಕು ಅಷ್ಟೆ. ದಿನಾ ಕುಡಿಯುವುದಕ್ಕೆ ನನಗೂ ಅದೇ ಇಷ್ಟ. ಆದರೆ ಒಬ್ಬರಿಗೆ ಉಡುಗೊರೆ ಕೊಡುವಾಗ ಬೀಜವೇ ಸರಿ. ಬೀಜದಲ್ಲಿ ಯಾವುದನ್ನೂ ಮುಚ್ಚಿಡುವುದಕ್ಕೆ ಆಗುವುದಿಲ್ಲ. ಒಡೆದದ್ದು, ಸುಟ್ಟದ್ದು, ಹುಳ ಕೊರೆದ ತೂತು, ಎಲ್ಲ ಕಣ್ಣಿಗೆ ಬೀಳುತ್ತದೆ.

ಅಂಗಡಿಯವರು ಕೊನೆಗೆ ಡಬ್ಬ ತೆರೆದು ತೋರಿಸಿದರು. ಬೀಜ ಕಪ್ಪಗೆ ಹೊಳೆಯುತ್ತಿತ್ತು, ಮೇಲೆಲ್ಲ ಎಣ್ಣೆ. ಯಾವಾಗ ಹುರಿದದ್ದು ಅಂತ ಕೇಳಿದರೆ "ಮೊನ್ನೆ ಬಂದ ಮಾಲು" ಅಂದರು. ಬಂದದ್ದು ಬೇರೆ, ಹುರಿದದ್ದು ಬೇರೆ, ಅಲ್ವಾ? ಕಾಫಿ ಬೀಜ ಕೊಳ್ಳುವವರು ಮೊದಲು ಕೇಳಬೇಕಾದದ್ದು ಹುರಿದ ತಾರೀಕು. ಎಲ್ಲಿಯವರೆಗೆ ಬಳಸಬಹುದು ಅನ್ನುವ ತಾರೀಕಲ್ಲ, ಅದು ಒಂದು ವರ್ಷ ಮುಂದಕ್ಕೂ ಇರುತ್ತದೆ. ಹುರಿದ ಬೀಜದೊಳಗೆ ಕಾರ್ಬನ್ ಡೈಆಕ್ಸೈಡ್ ತುಂಬಿಕೊಂಡಿರುತ್ತದೆ. ದಿನ ಕಳೆದ ಹಾಗೆ ಅದು ನಿಧಾನಕ್ಕೆ ಹೊರಗೆ ಬರುತ್ತದೆ. ಅದಕ್ಕೇ ಒಳ್ಳೆ ಪ್ಯಾಕೆಟ್ಟಿನಲ್ಲಿ ಸಣ್ಣದೊಂದು ವಾಲ್ವ್ ಇರುತ್ತದೆ, ಒಳಗಿನ ಗಾಳಿ ಹೊರಗೆ ಹೋಗುತ್ತದೆ, ಹೊರಗಿನದು ಒಳಗೆ ಬರುವುದಿಲ್ಲ. ಹುರಿದ ಮಾರನೇ ದಿನವೇ ಕುಡಿದರೆ ರುಚಿ ಇನ್ನೂ ಕೂತಿರುವುದಿಲ್ಲ. ಒಂದು ವಾರ ಬಿಟ್ಟು ಶುರು ಮಾಡಿ, ತಿಂಗಳು ತಿಂಗಳೂವರೆಯೊಳಗೆ ಮುಗಿಸಿದರೆ ಚೆನ್ನ. ಪುಡಿ ಮಾಡಿಬಿಟ್ಟರೆ ಆ ಘಮ ಕೆಲವೇ ದಿನದ ಮಾತು. ಹಾಗಾಗಿ ಉಡುಗೊರೆ ದೊಡ್ಡದಾಗಿ ಕಾಣಲಿ ಅಂತ ಯಾರೂ ಒಂದು ಕೆಜಿ ಕೊಡಬೇಡಿ. ಕಾಲು ಕೆಜಿಯ ಎರಡು ಪ್ಯಾಕೆಟ್ ಸಾಕು, ಒಂದು ಮುಗಿಯುವ ತನಕ ಇನ್ನೊಂದು ಮುಚ್ಚಿರುತ್ತದೆ.

ಇನ್ನು ಎಣ್ಣೆ. ಜಾಸ್ತಿ ಹುರಿದ ಬೀಜದಲ್ಲಿ ಎಣ್ಣೆ ಮೇಲಕ್ಕೆ ಬರುತ್ತದೆ, ಬೇಗ ಕಮಟುತ್ತದೆ, ಗ್ರೈಂಡರಿಗೂ ಅಂಟುತ್ತದೆ. ಎದುರಿನವರ ರುಚಿ ಗೊತ್ತಿಲ್ಲದಿದ್ದರೆ ಮಧ್ಯಮ ಹುರಿದದ್ದು ಕೊಡು. ಎ, ಎಎ ಅನ್ನುವ ಅಕ್ಷರಗಳನ್ನು ನೋಡಿ ಮರುಳಾಗಬೇಡ, ಅವು ಜರಡಿ ಹಿಡಿದ ಗಾತ್ರದ ಲೆಕ್ಕ. ಪೀಬೆರಿ ಅಂದರೆ ಹಣ್ಣಿನೊಳಗೆ ಎರಡರ ಬದಲು ಒಂದೇ ದುಂಡು ಬೀಜ ಬಂದದ್ದು. ನೋಡುವುದಕ್ಕೆ ಚಂದ. ಅಷ್ಟರಿಂದಲೇ ರುಚಿ ತೀರ್ಮಾನ ಆಗುವುದಿಲ್ಲ.

ಕೊನೆಗೆ ತೋಟದವರಿಂದಲೇ ತರಿಸಿದೆ. ದೇಶದ ಕಾಫಿಯಲ್ಲಿ ಸುಮಾರು ನೂರಕ್ಕೆ 70ರಷ್ಟು ನಮ್ಮ ರಾಜ್ಯದ್ದೇ, ಅದರಲ್ಲಿ ಹೆಚ್ಚು ಪಾಲು ಹಡಗು ಹತ್ತಿ ಹೋಗುತ್ತದೆ. ಈಗೀಗ ಚಿಕ್ಕಮಗಳೂರು, ಕೊಡಗಿನ ಕೆಲವು ಬೆಳೆಗಾರರು ತಾವೇ ಹುರಿದು, ತಾರೀಕು ಹಾಕಿ, ಕೊರಿಯರ್ ಮಾಡುತ್ತಾರೆ. ನಾನು ಬಾಳೆಹೊನ್ನೂರು ಕಡೆಯ ಒಂದು ತೋಟದಿಂದ ಎರಡು ಬಗೆ ತರಿಸಿದೆ. ಒಂದು ವಾಶ್ಡ್, ಅಂದರೆ ಹಣ್ಣಿನ ಸಿಪ್ಪೆ ತೆಗೆದು, ಲೋಳೆ ಹುಳಿ ಬರಿಸಿ ತೊಳೆದು ಒಣಗಿಸಿದ್ದು. ಇನ್ನೊಂದು ನ್ಯಾಚುರಲ್, ಇಡೀ ಹಣ್ಣನ್ನೇ ಕಣದಲ್ಲಿ ಒಣಗಿಸಿದ್ದು. ಎರಡೂ ಅರೇಬಿಕಾ ಅನ್ನುವ ಜಾತಿಯ ಕಾಫಿ, ಎಸ್. 795 ತಳಿ. ಬಾಳೆಹೊನ್ನೂರಿನ ಹತ್ತಿರ 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರ ಇದೆಯಲ್ಲ, ಅಲ್ಲಿಂದ 1940ರ ದಶಕದಲ್ಲಿ ಬಂದ ತಳಿ ಅದು. ಎಲೆ ತುಕ್ಕು ರೋಗ ಅರೇಬಿಕಾ ತೋಟಗಳನ್ನು ತಿಂದು ಹಾಕುತ್ತಿದ್ದ ಕಾಲಕ್ಕೆ ರೋಗ ತಡೆಯುವ ಗಿಡ ಬೇಕಾಗಿತ್ತು, ಹಾಗೆ ಹುಟ್ಟಿದ್ದು. ರುಚಿಯೂ ಚೆನ್ನಾಗಿದ್ದದ್ದರಿಂದ ಇವತ್ತಿಗೂ ಬೆಳೆಯುತ್ತಾರೆ. ಮೇಡಂಗೆ ಈ ಕಥೆ ಹೇಳು, ಖುಷಿಪಡುತ್ತಾರೆ.

ಬಾಳೆಹೊನ್ನೂರು ಅಂತ ಬರೆದೆನಲ್ಲ, ಅಲ್ಲಿಗೆ ಬಂದು ನನ್ನ ಕೈ ನಿಂತಿತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬರೆಯುತ್ತಿದ್ದೇನೆ.

ಪ್ಯಾಕೆಟ್ ಬಂದ ಸಂಜೆ ನಿನಗೆ ಫೋಟೋ ಕಳಿಸೋಣ ಅಂತ ಬೀಜಗಳನ್ನು ಸ್ಟೀಲ್ ತಟ್ಟೆಗೆ ಸುರಿದಿದ್ದೆ. ಅಮ್ಮ ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡು, ಬೆರಳಿನಲ್ಲಿ ಬೀಜ ಹರಡಿ, ತಿಳಿ ಬಣ್ಣದವನ್ನು ಒಂದೊಂದೇ ಆರಿಸಿ ಪಕ್ಕಕ್ಕೆ ಇಟ್ಟಳು. "ಇವು ಹಣ್ಣಾಗಿರ್ಲಿಲ್ಲ ನೋಡು. ಕಾಯಿ ಕಿತ್ತಿದಾರೆ" ಅಂದಳು. ಆಮೇಲೆ ಎರಡೂ ಪ್ಯಾಕೆಟ್ ಮೂಸಿ, ಲೇಬಲ್ ಓದದೆ, "ಇದು ಪಾರ್ಚ್‌ಮೆಂಟು, ಇದು ಚೆರಿ" ಅಂದಳು. ವಾಶ್ಡ್, ನ್ಯಾಚುರಲ್ ಅಂತ ನಾನು ಈಗ ಕಲಿತಿರುವುದನ್ನು ತೋಟದವರು ಮೊದಲಿಂದ ಕರೆಯುವುದು ಹಾಗೇ. ಒಂದೂ ತಪ್ಪಿಲ್ಲ.

ಆ ತಿಳಿ ಬೀಜಗಳ ಬಗ್ಗೆ ನಾನು ಓದಿದ್ದೆ. ಕ್ವೇಕರ್ ಅನ್ನುತ್ತಾರೆ. ಕಾಯಿಯಲ್ಲಿ ಸಕ್ಕರೆ ಕಟ್ಟಿರುವುದಿಲ್ಲ, ಆದ್ದರಿಂದ ಎಷ್ಟು ಹುರಿದರೂ ಬೇರೆಯವುಗಳ ಹಾಗೆ ಬಣ್ಣ ತಿರುಗುವುದಿಲ್ಲ. ಒಂದನ್ನು ಅಗಿದು ನೋಡಿದರೆ ಶೇಂಗಾ ರುಚಿ. ನಾಲ್ಕು ಕಾಳು ಸೇರಿದರೂ ಲೋಟದ ರುಚಿ ಸಪ್ಪೆಯಾಗುತ್ತದೆ. ಇದನ್ನು ನಾನು ಫೋನಿನಲ್ಲಿ ಓದಿ ತಿಳಿದುಕೊಂಡಿದ್ದೆ. ಅಮ್ಮ ಕೈಯಲ್ಲಿ ಕಲಿತಿದ್ದಳು.

ದೋಸ್ತಾ, ನಿನಗೆ ಇದನ್ನು ಹೇಳಿರಲಿಲ್ಲ. ಅಜ್ಜಿ ಬೆಳೆಸಿದ ಹುಡುಗ ಅಂತ ನನ್ನನ್ನು ಎಷ್ಟು ಚುಡಾಯಿಸಿದ್ದೀಯ. ಅಜ್ಜಿ ಬೆಳೆಸಿದ್ದು ನಿಜ. ಯಾಕೆ ಅಂತ ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಭದ್ರೆ ಗಂಗಾಮೂಲದಲ್ಲಿ ಹುಟ್ಟಿ, ಬಾಳೆಹೊನ್ನೂರಿನ ಮಗ್ಗುಲಲ್ಲೇ ಹರಿದು, ಲಕ್ಕವಳ್ಳಿ ಡ್ಯಾಮಿಗೆ ಬಂದು, ಕಾಲುವೆಯಲ್ಲಿ ದಾವಣಗೆರೆಯ ಗದ್ದೆಗಳಿಗೆ ಬರುತ್ತಾಳೆ. ನಾವು ಸಣ್ಣವರಿದ್ದಾಗ ಜಗಳೂರು ಕಡೆಯ ನಮ್ಮ ಹೊಲಕ್ಕೆ ಆ ನೀರು ಬರಲಿಲ್ಲ. ಮಳೆ ಬಂದರೆ ಶೇಂಗಾ, ಬರದಿದ್ದರೆ ಏನೂ ಇಲ್ಲ. ನೀರು ಬರದ ಊರಿನವರು ನೀರಿದ್ದ ಕಡೆಗೆ ಹೋದರು. ಶೇಂಗಾ ಕಿತ್ತು ಮುಗಿದ ಮೇಲೆ ತೋಟಕ್ಕೆ ಆಳು ಕರೆದೊಯ್ಯುವ ಮೇಸ್ತ್ರಿ ಮುಂಗಡ ಕೊಟ್ಟು ಹೋಗುತ್ತಿದ್ದ, ಅಮ್ಮ ಊರಿನ ಉಳಿದ ಹೆಂಗಸರ ಜೊತೆ ಕಾಫಿ ಕೀಳುವುದಕ್ಕೆ ಘಟ್ಟ ಹತ್ತುತ್ತಿದ್ದಳು. ಮೊದಲು ಅರೇಬಿಕಾ, ಆಮೇಲೆ ರೋಬಸ್ಟಾ ಅನ್ನುವ ಇನ್ನೊಂದು ಜಾತಿ. ವಾಪಸ್ ಬರುವುದು ಶಿವರಾತ್ರಿ ಹೊತ್ತಿಗೆ. ಅಷ್ಟೂ ದಿನ ಲೈನ್ ಮನೆಯಲ್ಲಿ, ಅಂದರೆ ತೋಟದ ಕೂಲಿಯವರ ಸಾಲು ಮನೆಯಲ್ಲಿ ವಾಸ.

ಅವಳು ಬಂದಾಗ ಚೀಲದಿಂದ, ಸೀರೆಯಿಂದ ಒಂದು ಹುಳಿ ವಾಸನೆ ಬರುತ್ತಿತ್ತು. ಹಣ್ಣಿನ ಸಿಪ್ಪೆಯದ್ದು, ಗೋಣಿಯದ್ದು. ನನಗೆ ಕಾಫಿ ಅಂದರೆ ಆ ವಾಸನೆ. ಹೋಟೆಲಿನ ಕಾಫಿಗೂ ಅದಕ್ಕೂ ಸಂಬಂಧ ಇದೆ ಅಂತ ಅನ್ನಿಸಿರಲೇ ಇಲ್ಲ. ಆ ಸಂಜೆ ನ್ಯಾಚುರಲ್ ಪ್ಯಾಕೆಟ್ ಕತ್ತರಿಸಿದಾಗ, ಹುರಿದ ಘಮದ ಕೆಳಗೆ ಅದೇ ಹುಳಿ ಸಿಕ್ಕಿತು. ಇಡೀ ಹಣ್ಣಿನೊಳಗೆ ಒಣಗಿದ ಬೀಜ ಅಲ್ವಾ, ಹಣ್ಣಿನ ವಾಸನೆ ಸ್ವಲ್ಪ ಉಳಿದಿರುತ್ತದೆ. ಲೇಬಲ್ಲಿನಲ್ಲಿ ಇದನ್ನೇ ಬಣ್ಣಿಸಿ ಬರೆದಿದ್ದಾರೆ, ದ್ರಾಕ್ಷಿ, ವೈನು ಅಂತ. ನನಗೆ ಮಾತ್ರ ಗಂಟಲು ಕಟ್ಟಿತು. ಸಣ್ಣವನಿದ್ದಾಗ ಆ ಗಿಡಗಳ ಮೇಲೆ ನನಗೆ ಸಿಟ್ಟಿತ್ತು ಕಣೋ. ಚಳಿಗಾಲದಲ್ಲಿ ಅಮ್ಮನ ಕೈ ನನಗೆ ಸಿಗುತ್ತಿರಲಿಲ್ಲ, ಅವಕ್ಕೆ ಸಿಗುತ್ತಿತ್ತು. ಆ ಸಿಟ್ಟು ಎಲ್ಲೂ ಹೋಗಿಲ್ಲ ಅಂತ ಆ ಸಂಜೆ ಗೊತ್ತಾಯಿತು.

ಅಮ್ಮನನ್ನು ಕೇಳಿದೆ, ಹಣ್ಣು ಮಾತ್ರ ಕೀಳುವುದು ಅಷ್ಟು ಕಷ್ಟವಾ ಅಂತ. ಅವಳು ಹೇಳಿದ್ದು ಇಷ್ಟು. "ಒಂದೇ ಕೊಂಬ್ಯಾಗೆ ಹಣ್ಣೂ ಇರ್ತದೆ, ದೋರೆಗಾಯಿನೂ ಇರ್ತದೆ, ಹಸಿರೂ ಇರ್ತದೆ. ಕೆಜಿ ಲೆಕ್ಕದಾಗೆ ಕೂಲಿ ಕೊಟ್ರೆ ಯಾರು ಆರಿಸ್ತಾರೆ? ಕೊಂಬೆ ಹಿಡ್ದು ಎಳೆಯೋದೇ. ಹಣ್ಣಷ್ಟೇ ಬೇಕು ಅಂದ್ರೆ ರೈಟರು ದಿನಗೂಲಿ ಕೊಡ್ತಿದ್ರು, ಅವತ್ತು ಸಮಾಧಾನವಾಗಿ ಕೀಳ್ತಿದ್ವಿ." ರೈಟರು ಅಂದರೆ ತೋಟದ ಲೆಕ್ಕ ನೋಡಿಕೊಳ್ಳುವವರು. ನಾನು ಓದಿದ್ದರಲ್ಲಿ ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ. ಅರೇಬಿಕಾ ಒಟ್ಟಿಗೇ ಹಣ್ಣಾಗುವುದಿಲ್ಲ, ಒಂದೇ ಗಿಡಕ್ಕೆ ಸರದಿ ಮೇಲೆ ಸರದಿ ಹೋಗಬೇಕು. ಸುಮಾರು ಆರು ಕೆಜಿ ಹಣ್ಣಿಗೆ ಒಂದು ಕೆಜಿ ಹುರಿಯದ ಒಣ ಬೀಜ, ಹುರಿದರೆ ಅದೂ ಇನ್ನಷ್ಟು ಇಳಿಯುತ್ತದೆ. ನಿಮ್ಮ ಮೇಡಂನ ಕಾಲು ಕೆಜಿ ಪ್ಯಾಕೆಟ್ಟಿಗೆ ಒಂದೂಮುಕ್ಕಾಲು ಕೆಜಿಯಷ್ಟು ಹಣ್ಣು, ಒಂದೊಂದನ್ನೂ ಯಾರೋ ಕೈಯಲ್ಲಿ ಬಿಡಿಸಿದ್ದು. ಒಳ್ಳೆ ಕಾಫಿ ದುಬಾರಿ ಅಂತ ಗೊಣಗುವ ಮೊದಲು ಈ ಲೆಕ್ಕ ನೋಡಬೇಕು. ಆ ದುಡ್ಡು ಕೀಳುವವರ ತನಕ ಹೋಗುತ್ತಾ ಅಂತಲೂ ಕೇಳಬೇಕು. ನಾನು ತೋಟದವರಿಗೆ ಫೋನ್ ಮಾಡಿ ಕೇಳಿದೆ, ಹಣ್ಣು ಆರಿಸಿ ಕೀಳುವುದಕ್ಕೆ ಬೇರೆ ಕೂಲಿ ಕೊಡುತ್ತೀರಾ ಅಂತ. ಕೊಡುತ್ತೇವೆ ಅಂದರು. ಪ್ಯಾಕೆಟ್ಟಿನ ಮೇಲೆ ತೋಟದ ಎತ್ತರ, ತಳಿ, ಹುರಿದವರ ಹೆಸರು ಎಲ್ಲ ಇದೆ. ಕಿತ್ತವರ ಹೆಸರು ಇರುವುದಿಲ್ಲ ಅಂತ ಗೊತ್ತಿದ್ದೂ ತಿರುಗಿಸಿ ತಿರುಗಿಸಿ ಹುಡುಕಿದೆ.

ಸಾಕು ಬಿಡು. ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಇದನ್ನು ಓದಿ ಯಾರೂ ಮೆತ್ತಗಿನ ದನಿಯಲ್ಲಿ ಫೋನ್ ಮಾಡಬೇಡಿ. ಮಾಡಿದರೆ ಗುಂಡಿ ಸರ್ಕಲ್ಲಿನ ಅಂಪೈರ್ ವಿಷಯ ಮಾತಾಡೋಣ, ಅವತ್ತು ಅದು ಔಟೇ ಅಂತ ನಾನು ಇವತ್ತಿಗೂ ಹೇಳುತ್ತೇನೆ.

ಕೆಲಸದ ಮಾತು ಕೇಳು. ಮೇಡಂಗೆ ವಾಶ್ಡ್ ಕಳಿಸುತ್ತಿದ್ದೇನೆ, ಮಧ್ಯಮ ಹುರಿದದ್ದು, ಕಾಲು ಕೆಜಿಯ ಎರಡು ಪ್ಯಾಕೆಟ್. ನ್ಯಾಚುರಲ್ ಎಲ್ಲರಿಗೂ ಹಿಡಿಸುವುದಿಲ್ಲ, ಅದು ನಮ್ಮ ಮನೆಯಲ್ಲೇ ಇರಲಿ. ತೋಟದವರು ಸೋಮವಾರ ಹುರಿಯುತ್ತಾರೆ, ನೇರ ನಿನ್ನ ವಿಳಾಸಕ್ಕೆ ಬರುತ್ತದೆ. ಬೀಳ್ಕೊಡುಗೆ ಹೊತ್ತಿಗೆ ಸರಿಯಾಗಿ ಹದಕ್ಕೆ ಬಂದಿರುತ್ತದೆ. ಫ್ರಿಡ್ಜಿನಲ್ಲಿ ಇಡಬೇಡಿ ಅಂತ ಹೇಳು, ಹೊರಗೆ ತೆಗೆದಾಗಲೆಲ್ಲ ತೇವ ಕೂರುತ್ತದೆ, ಬೇರೆ ವಾಸನೆಯೂ ಹಿಡಿಯುತ್ತದೆ. ಬಿಸಿಲು ಬೀಳದ ಕಡೆ, ಗಾಳಿಯಾಡದ ಡಬ್ಬದಲ್ಲಿ ಇಡಲಿ. ಕುಡಿಯುವ ಹೊತ್ತಿಗೆ ಬೇಕಾದಷ್ಟೇ ಪುಡಿ ಮಾಡಿಕೊಳ್ಳಲಿ. ತಿಳಿ ಬಣ್ಣದ ಕಾಳು ಕಂಡರೆ ಆರಿಸಿ ತೆಗೆಯಲಿ.

ಹಾಲು ಹಾಕದೆ ಒಂದು ಸಲ ಕುಡಿದು ನೋಡಲಿ ಅಂತ ಅಮ್ಮ ಹೇಳಿದ್ದಾಳೆ. ಲೈನ್ ಮನೆಯಲ್ಲಿ ಕಲಿತ ಬೆಲ್ಲದ ಕರಿ ಕಾಫಿಯನ್ನು ಅವಳು ಇವತ್ತಿಗೂ ಬಿಟ್ಟಿಲ್ಲ. ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳಿದ್ದಾಳೆ, ಬೇಗ ಉತ್ತರ ಕೊಡು: ಆ ಮೇಡಂಗೆ ಶುಗರ್ ಇದೆಯಾ? ಇಲ್ಲದಿದ್ದರೆ ಒಂದು ಅಚ್ಚು ಬೆಲ್ಲವನ್ನೂ ಬೇರೆ ಕೊರಿಯರ್ ಮಾಡಬೇಕಂತೆ.

ನಿನ್ನ
ಅಜ್ಜಿ ಬೆಳೆಸಿದ ಹುಡುಗ