ನಗರ ನಿಲ್ದಾಣದ ಮಾದರಿಗೆ 1:100 ಸ್ಕೇಲೇ ಸರಿ

ಮಾನ್ಯ ಸಂಪಾದಕರೇ,

ವಿಜ್ಞಾನ ಮೇಳಗಳು ಶುರುವಾದವೆಂದರೆ ಪತ್ರಿಕೆಗಳಲ್ಲಿ ರೈಲು ನಿಲ್ದಾಣದ ಮಾದರಿಗಳ ಚಿತ್ರಗಳು ಬರುತ್ತವೆ. ಥರ್ಮಾಕೋಲ್ ಕಟ್ಟಡ, ಹಳದಿ ನಾಮಫಲಕ, ಎದುರಿಗೆ ಸುತ್ತು ಹೊಡೆಯುವ ಪುಟ್ಟ ರೈಲು. ಮಕ್ಕಳು ಪಟ್ಟ ಶ್ರಮ ಎದ್ದು ಕಾಣುತ್ತದೆ. ಆದರೆ ಬಹುಪಾಲು ಮಾದರಿಗಳಲ್ಲಿ ಕಟ್ಟಡದ್ದೊಂದು ಅಳತೆ, ಬೋಗಿಯದೊಂದು, ಹಳಿಯದು ಇನ್ನೊಂದು. ತಪ್ಪು ಮಕ್ಕಳದಲ್ಲ. ಅವರ ಕೈಗೆ ಸಿಗುವ ಮಾರ್ಗದರ್ಶನವೆಲ್ಲ ಯುರೋಪ್, ಅಮೆರಿಕದ ರೈಲುಗಳಿಗಾಗಿ ಬರೆದದ್ದು. ನಮ್ಮ ಬ್ರಾಡ್‌ಗೇಜ್ ನಿಲ್ದಾಣಕ್ಕೆ ಹೊಂದುವ ಲೆಕ್ಕವನ್ನು ಶಾಲೆಗಳ ಗಮನಕ್ಕೆ ತರಲು ಈ ಪತ್ರ.

ಹವ್ಯಾಸಿಗಳ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಎಚ್‌ಒ ಹಳಿ, ಅಂದರೆ 1:87 ಸ್ಕೇಲಿನ ಮಾದರಿಗಳಿಗೆಂದು ಮಾಡಿದ್ದು. ಅದರ ಗೇಜ್, ಅಂದರೆ ಎರಡು ಕಂಬಿಗಳ ನಡುವಿನ ಅಂತರ, 16.5 ಮಿ.ಮೀ. ಯುರೋಪಿನ 1,435 ಮಿ.ಮೀ. ಗೇಜನ್ನು 87ರಿಂದ ಭಾಗಿಸಿದರೆ ಸರಿಯಾಗಿ ಈ ಅಂಕಿ ಬರುತ್ತದೆ. ನಮ್ಮ ಬ್ರಾಡ್‌ಗೇಜ್ 1,676 ಮಿ.ಮೀ. ಅದನ್ನು 1:87ಕ್ಕೆ ಇಳಿಸಿದರೆ 19.3 ಮಿ.ಮೀ. ಆಗಬೇಕು. ಅಂದರೆ 1:87ರ ಬೋಗಿಯನ್ನು ಅಂಗಡಿಯ ಹಳಿಯ ಮೇಲಿಟ್ಟರೆ ಹಳಿ ಸುಮಾರು 3 ಮಿ.ಮೀ. ಕಿರಿದಾಗಿ, ಅಗಲವಾದ ಬೋಗಿ ಇಕ್ಕಟ್ಟಿನ ದಾರಿಯ ಮೇಲೆ ಕೂತಂತೆ ಕಾಣುತ್ತದೆ. ಅದೇ ಹಳಿಯನ್ನಿಟ್ಟುಕೊಂಡು ಉಳಿದೆಲ್ಲವನ್ನೂ 1:100ಕ್ಕೆ ಕಟ್ಟಿ ನೋಡಿ. ಬೇಕಾದದ್ದು 16.76, ಇರುವುದು 16.5. ಕಾಲು ಮಿಲಿಮೀಟರ್ ವ್ಯತ್ಯಾಸವನ್ನು ಯಾವ ಕಣ್ಣೂ ಹಿಡಿಯಲಾರದು.

ಇದರ ಇನ್ನೊಂದು ಲಾಭ ಲೆಕ್ಕದ್ದು. ನಿಜದ ಒಂದು ಮೀಟರ್ ಎಂದರೆ ಮಾದರಿಯ ಒಂದು ಸೆಂಟಿಮೀಟರ್. ಆರನೇ ತರಗತಿಯ ಮಗುವಿಗೂ ಕ್ಯಾಲ್ಕುಲೇಟರ್ ಬೇಡ. ಮೂರನೆಯದು ಸಾಮಗ್ರಿಯದು. 1:100 ವಾಸ್ತುಶಿಲ್ಪ ವಿದ್ಯಾರ್ಥಿಗಳು ನಿತ್ಯ ಬಳಸುವ ಸ್ಕೇಲ್. ಆ ಅಳತೆಯ ಮನುಷ್ಯರು, ಕಾರುಗಳು, ಮರಗಳು ಅವರಿಗೆ ಸರಕು ಮಾರುವ ಅಂಗಡಿಗಳಲ್ಲೇ ಸಿಗುತ್ತವೆ.

ತೊಂದರೆಯೂ ಇದೆ, ಮುಚ್ಚಿಡಬಾರದು. ಎಚ್‌ಒ ಎಂಜಿನ್, ಬೋಗಿಗಳ ಹೊರಮೈ 1:87ರದ್ದು, ಅದು ಇಲ್ಲಿ ಹೊಂದದು. ಹೊರಮೈಯನ್ನು ಒಂದು ಮಿ.ಮೀ. ಸ್ಟೈರೀನ್ ಪ್ಲಾಸ್ಟಿಕ್ ಹಾಳೆಯಲ್ಲೋ 3ಡಿ ಪ್ರಿಂಟಿನಲ್ಲೋ ನಾವೇ ಮಾಡಬೇಕು. ಕೆಳಗಿನ ಭಾಗ ಮಾತ್ರ ಎಚ್‌ಒದ್ದೇ ಸಾಕು. ನಮ್ಮ ಬೋಗಿಯ 915 ಮಿ.ಮೀ. ಚಕ್ರ 9.15 ಮಿ.ಮೀ. ಆಗಬೇಕು, ಅಮೆರಿಕದ ಗೂಡ್ಸ್ ವ್ಯಾಗನ್‌ಗಳಿಗೆಂದು ಮಾರುವ 33 ಇಂಚಿನ ಎಚ್‌ಒ ಚಕ್ರ 9.6 ಮಿ.ಮೀ. ಇರುತ್ತದೆ. ಐಸಿಎಫ್ (ಚೆನ್ನೈನ ಬೋಗಿ ಕಾರ್ಖಾನೆಯ ಹಳೆಯ ವಿನ್ಯಾಸದ) ಬೋಗಿಯಡಿಯ ಎರಡು ಅಚ್ಚುಗಳ ನಡುವಿನ ಅಂತರ 2,896 ಮಿ.ಮೀ., ಅಂದರೆ 29 ಮಿ.ಮೀ. ಯುರೋಪಿನ ಎರಡೂವರೆ ಮೀಟರ್ ಅಂತರದ್ದು ಎಚ್‌ಒದಲ್ಲಿ 28.7. ಇಷ್ಟು ಹತ್ತಿರದ ಹೊಂದಿಕೆ ಸಿಕ್ಕಾಗ ಬಿಡಬಾರದು.

ಮುಂದಿನದು ಉದ್ದ. ನಗರ ನಿಲ್ದಾಣದ ಮಾದರಿಗಳು ಸೋಲುವುದು ಹೆಚ್ಚಾಗಿ ಇಲ್ಲೇ. ಹುಬ್ಬಳ್ಳಿಯಲ್ಲಿ 2023ರಲ್ಲಿ ಉದ್ಘಾಟನೆಯಾದ ಪ್ಲಾಟ್‌ಫಾರಂ ಸುಮಾರು ಒಂದೂವರೆ ಕಿಲೋಮೀಟರ್. 1:100ರಲ್ಲೂ ಅದಕ್ಕೆ 15 ಮೀಟರ್ ಬೇಕು. 24 ಎಲ್‌ಎಚ್‌ಬಿ (ಈಗಿನ ಎಕ್ಸ್‌ಪ್ರೆಸ್‌ಗಳ ಉದ್ದನೆಯ) ಬೋಗಿಗಳ ಗಾಡಿಗೇ ಎಂಜಿನ್ ಸೇರಿ ಸುಮಾರು 6 ಮೀಟರ್. ಹಾಗೆಂದು ಮೂರು ಬೋಗಿಯ ಎಕ್ಸ್‌ಪ್ರೆಸ್ ಓಡಿಸಿದರೆ ನಗರದ ನಿಲ್ದಾಣ ಹಳ್ಳಿಯ ಹಾಲ್ಟ್ ಆಗುತ್ತದೆ. ನನ್ನ ಸಲಹೆ ಮೆಮು, ಅಂದರೆ ಬೇರೆ ಎಂಜಿನ್ ಇಲ್ಲದೆ ವಿದ್ಯುತ್ತಿನಲ್ಲಿ ಓಡುವ ಸ್ಥಳೀಯ ರೈಲು. ಎಂಟು ಬೋಗಿಯ ಮೆಮು ಒಂದನ್ನೂ ಕಡಿಮೆ ಮಾಡದೆ 1.78 ಮೀಟರಿನಲ್ಲಿ ಮುಗಿಯುತ್ತದೆ. ಎರಡೂ ತುದಿಯಲ್ಲಿ ಚಾಲಕನ ಕೋಣೆ ಇರುವುದರಿಂದ ಎಂಜಿನ್ ಬಿಡಿಸಿ ಸುತ್ತಿಸಿ ತರುವ ಹಳಿ ಬೇಡ, ಅದರ ಪಾಯಿಂಟುಗಳೂ (ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಕವಲುಗಳು) ಬೇಡ. ಹೊರಮೈ ಚಪ್ಪಟೆ, ಮಕ್ಕಳು ಕತ್ತರಿಸಬಲ್ಲರು. ಬೆಂಗಳೂರಿನ ಸುತ್ತ ದಿನವೂ ಓಡುವ ಗಾಡಿ ಅದು.

ತಳಕ್ಕೆ 12 ಮಿ.ಮೀ. ಪ್ಲೈವುಡ್, 8 ಅಡಿ × 4 ಅಡಿಯ ಎರಡು ಷೀಟ್. 4 ಅಡಿ × 2 ಅಡಿಯ ಐದು ಹಲಗೆ ಕತ್ತರಿಸಿದ ಮೇಲೆ ಅದೇ ಅಳತೆಯ ಮೂರು ತುಂಡು ಉಳಿಯುತ್ತವೆ. ಅವನ್ನು 75 ಮಿ.ಮೀ. ಅಗಲದ ಪಟ್ಟಿಗಳಾಗಿ ಸೀಳಿಸಿದರೆ 21 ಪಟ್ಟಿ ಬರುತ್ತವೆ. ಹಲಗೆಗೆ ನಾಲ್ಕರಂತೆ ಐದೂ ಚೌಕಟ್ಟಿಗೆ ಸಾಕು. ಮೂಲೆಗಳಿಗೆ ಮರದ ತುಂಡು ಕೊಟ್ಟು ಅಂಟು ಮತ್ತು ಸ್ಕ್ರೂ ಎರಡನ್ನೂ ಹಾಕಿ. ಹಳಿ ಹಾಕುವ ಮೊದಲೇ ಮೇಲೆ, ಕೆಳಗೆ, ಅಂಚಿಗೆ ಎಲ್ಲ ಕಡೆ ಬಣ್ಣ ಬಳಿಯಬೇಕು. ಒಂದೇ ಮುಖಕ್ಕೆ ಬಣ್ಣ ಬಳಿದ ಪ್ಲೈ ಮಂಗಳೂರಿನ ಮಳೆಗಾಲದಲ್ಲಿ ಇನ್ನೊಂದು ಮುಖದಿಂದ ತೇವ ಹೀರಿ ಬಾಗುತ್ತದೆ, ಅದರೊಡನೆ ಹಳಿಯೂ ಏಳುತ್ತದೆ.

ಮೊದಲ ಎರಡು ಹಲಗೆ ಪ್ಲಾಟ್‌ಫಾರಂಗೆ, ಮೂರನೆಯದು ಪೂರ್ತಿ ಪಾಯಿಂಟುಗಳಿಗೆ, ಕೊನೆಯ ಎರಡು ರಸ್ತೆಯ ಮೇಲ್ಸೇತುವೆಯ ಹಿಂದೆ ಗಾಡಿಗಳು ಅಡಗಿ ನಿಲ್ಲಲು. ಹಲಗೆಗಳು ಕೂಡುವ ಗೆರೆಯ ಮೇಲೆ ಪಾಯಿಂಟ್ ಬರಲೇಬಾರದು. ಮೂರು ಹಳಿಯ ಕೊನೆ ನಿಲ್ದಾಣಕ್ಕೆ ಜೋಡಿ ಮಾರ್ಗದ ಯಾವ ಕಡೆಯಿಂದಲೂ ಯಾವ ಪ್ಲಾಟ್‌ಫಾರಂಗೂ ಹೋಗಬೇಕಾದರೆ ಎರಡು ಕ್ರಾಸ್‌ಓವರ್‌ಗೆ (ಪಕ್ಕದ ಹಳಿಗೆ ದಾಟಿಸುವ ಪಾಯಿಂಟ್ ಜೋಡಿ) ನಾಲ್ಕು, ಮೂರನೇ ಹಳಿಗೆ ಒಂದು, ಒಟ್ಟು ಐದು ಪಾಯಿಂಟ್. ಪೆಕೊ ಕಂಪನಿಯ ಸ್ಟ್ರೀಮ್‌ಲೈನ್ ಸರಣಿಯ ಮಧ್ಯಮ ಪಾಯಿಂಟ್ 219 ಮಿ.ಮೀ. ಉದ್ದ, ಐದನ್ನು ಸಾಲಾಗಿಟ್ಟರೆ 1,095 ಮಿ.ಮೀ., ಹಲಗೆ 1,220. ದೊಡ್ಡ ಪಾಯಿಂಟ್ ನೋಡಲು ಚೆಂದ, ಆದರೆ ಇಷ್ಟು ಜಾಗದಲ್ಲಿ ಐದು ಹಿಡಿಯುವುದಿಲ್ಲ. ಚಿಕ್ಕದು ಹಾಕಿದರೆ ಕ್ರಾಸ್‌ಓವರಿನ ಎಡ-ಬಲ ತಿರುವಿನಲ್ಲಿ ಉದ್ದನೆಯ ಬೋಗಿಗಳು ಒಂದನ್ನೊಂದು ತಳ್ಳಿ ಹಳಿ ತಪ್ಪಿಸುತ್ತವೆ. ಆ ಪಾಯಿಂಟುಗಳಿಂದ ಅಕ್ಕಪಕ್ಕದ ಹಳಿಗಳ ನಡುವೆ ಬರುವ ಅಂತರ 50.8 ಮಿ.ಮೀ.; ನಮ್ಮಲ್ಲಿ ಹಳೆಯ ಮಾರ್ಗಗಳದು 4.725 ಮೀಟರ್, ಹೊಸದರದು 5.3. ಎರಡರ ನಡುವೆ ತಾನಾಗಿ ಕೂರುತ್ತದೆ.

ಒಂದನೇ ಹಳಿಯ ಪಕ್ಕ ಒಂದು ಪ್ಲಾಟ್‌ಫಾರಂ, ಎರಡು ಮತ್ತು ಮೂರನೇ ಹಳಿಯ ನಡುವೆ 8 ಸೆಂ.ಮೀ. ಅಗಲದ ಇನ್ನೊಂದು. ಮೂರನೇ ಹಳಿ ಪಾಯಿಂಟಿನ 12 ಡಿಗ್ರಿ ಕೋನದಲ್ಲಿ ಅಷ್ಟು ದೂರ ಸರಿಯಲು ಸುಮಾರು 55 ಸೆಂ.ಮೀ. ಉದ್ದ ತಿನ್ನುತ್ತದೆ. ಆದ್ದರಿಂದ ಪ್ಲಾಟ್‌ಫಾರಂ ತುದಿ ಚೂಪಾಗುತ್ತ ಬರಲಿ, ನಿಜದ ನಿಲ್ದಾಣಗಳಲ್ಲೂ ಹಾಗೇ ಇರುತ್ತದೆ. ಅಡಗುತಾಣದ ಎರಡು ಹಳಿ ಸೇರಿ ಒಟ್ಟು 914 ಮಿ.ಮೀ.ನ 15 ಫ್ಲೆಕ್ಸಿ (ಬೇಕಾದಂತೆ ಬಾಗಿಸಬಹುದಾದ) ಹಳಿ ಸಾಕು, ಕೆಳಗೆ 3 ಮಿ.ಮೀ. ಕಾರ್ಕ್.

ಪ್ಲಾಟ್‌ಫಾರಂ ಎತ್ತರದಲ್ಲಿ ಎಡವುವವರು ಬಹಳ. ರೈಲ್ವೆಯ ನಿಯಮದಂತೆ ಎತ್ತರದ ಪ್ಲಾಟ್‌ಫಾರಂ ಹಳಿಯ ತಲೆಯಿಂದ 760ರಿಂದ 840 ಮಿ.ಮೀ., ಅಂದರೆ ನಮಗೆ ಸುಮಾರು 8 ಮಿ.ಮೀ. ಇದನ್ನು ಹಲಗೆಯಿಂದ ಅಳೆದರೆ ಪ್ಲಾಟ್‌ಫಾರಂ ಹಳಿಯ ಮಟ್ಟಕ್ಕೇ ಬಂದುಬಿಡುತ್ತದೆ. ಕಾರ್ಕ್ 3, ಸ್ಲೀಪರ್ ಮತ್ತು ಹಳಿ ಸೇರಿ ಸುಮಾರು 5, ಮೇಲೆ 8: ಹಲಗೆಯಿಂದ 16 ಮಿ.ಮೀ. ಬೇಕು. 12 ಮಿ.ಮೀ. ಪ್ಲೈ ಮೇಲೆ 3 ಮಿ.ಮೀ. ಸನ್‌ಬೋರ್ಡ್, ಅದರ ಮೇಲೆ ಒಂದು ಮಿ.ಮೀ. ರಟ್ಟು. ಹಳಿಯ ಮಧ್ಯದಿಂದ ಅಂಚಿನವರೆಗಿನ ದೂರ ನಿಜದಲ್ಲಿ 1.67ರಿಂದ 1.68 ಮೀಟರ್. ಬೋಗಿಯ ಅರ್ಧ ಅಗಲವೇ 16.2 ಮಿ.ಮೀ. ಆಗುವುದರಿಂದ ಉಳಿಯುವ ಸಂದು ಅರ್ಧ ಮಿ.ಮೀ. ಮಾತ್ರ. ಮಾದರಿಯಲ್ಲಿ 18 ಮಿ.ಮೀ. ಇಡಿ. ಪ್ಲಾಟ್‌ಫಾರಂ ತಿರುವಿನಲ್ಲಿದ್ದರೆ ಅದೂ ಸಾಲದು. 60 ಸೆಂ.ಮೀ. ತ್ರಿಜ್ಯದ ತಿರುವಿನಲ್ಲಿ ಎಲ್‌ಎಚ್‌ಬಿ ಬೋಗಿಯ ನಡುಭಾಗ ಒಳಗಡೆಗೆ 4.6 ಮಿ.ಮೀ., ತುದಿಗಳು ಹೊರಗಡೆಗೆ ಸುಮಾರು 7 ಮಿ.ಮೀ. ಚಾಚುತ್ತವೆ. ಬ್ರಾಡ್‌ಗೇಜಿನ ಅತಿ ಕಡಿದಾದ ತಿರುವಿನ ತ್ರಿಜ್ಯವೇ 175 ಮೀಟರ್ ಎಂಬುದನ್ನು ನೆನೆದರೆ ನಮ್ಮ ಮೇಜಿನ ತಿರುವು ಎಷ್ಟು ಕಡಿದು ಎಂದು ತಿಳಿಯುತ್ತದೆ. ಪ್ಲಾಟ್‌ಫಾರಂ ನೇರವಾಗಿರುವುದೇ ಕ್ಷೇಮ.

ಜಲ್ಲಿಗೆ ಎಂ-ಸ್ಯಾಂಡ್ ಸೊಗಸಾಗಿ ಹೊಂದುತ್ತದೆ. ಚಹಾ ಸೋಸುವ ಜರಡಿಯಲ್ಲಿ ಹಾಯಿಸಿ, ತೊಳೆದು, ಒಣಗಿಸಿ. ಆಮೇಲೆ ಅದರಲ್ಲಿ ಅಯಸ್ಕಾಂತ ಆಡಿಸಲು ಮರೆಯಬೇಡಿ. ಮರಳಿನಲ್ಲಿರುವ ಕಬ್ಬಿಣದ ಚೂರುಗಳನ್ನು ಮೋಟಾರಿನ ಅಯಸ್ಕಾಂತ ಸೆಳೆದುಕೊಂಡರೆ ಗಾಡಿ ಕೆಟ್ಟಿತೆಂದೇ ಅರ್ಥ. ಜಲ್ಲಿ ಹರಡಿದ ಮೇಲೆ ನೀರು ಸಿಂಪಡಿಸಿ, ಸಮಪಾಲು ನೀರು ಬೆರೆಸಿದ ಫೆವಿಕಾಲ್‌ಗೆ ಪಾತ್ರೆ ತೊಳೆಯುವ ಸೋಪಿನ ಎರಡು ಹನಿ ಸೇರಿಸಿ ತೊಟ್ಟಿಕ್ಕಿಸಿ. ಸೋಪಿಲ್ಲದ ಅಂಟು ಮುತ್ತಿನಂತೆ ಮೇಲೇ ನಿಂತು ಜಲ್ಲಿಯನ್ನು ಕದಡುತ್ತದೆ. ಪಾಯಿಂಟಿನ ಚಲಿಸುವ ನಾಲಗೆಗಳ ಹತ್ತಿರ ಅಂಟು ಸುಳಿಯಬಾರದು. ದೊಡ್ಡ ನಿಲ್ದಾಣಗಳಲ್ಲಿ ಪ್ಲಾಟ್‌ಫಾರಂ ಪಕ್ಕದ ಹಳಿಗಳಿಗೆ ಜಲ್ಲಿಯ ಬದಲು ತೊಳೆಯಲು ಅನುಕೂಲವಾದ ಕಾಂಕ್ರೀಟ್ ಹಾಸು ಇರುವುದು ಅನೇಕರ ಗಮನಕ್ಕೆ ಬಂದಿರುವುದಿಲ್ಲ. ಅದನ್ನು ಸನ್‌ಬೋರ್ಡಿನಲ್ಲಿ ಮಾಡುವಾಗ ಹಳಿಯ ಒಳಬದಿಗೆ ಚಕ್ರದ ಅಂಚು ಹಾಯಲು ಒಂದೂವರೆ ಮಿ.ಮೀ. ಜಾಗ ಬಿಡಬೇಕು.

ವಿದ್ಯುತ್ತಿಗೆ ಶಾಲೆಗಳ ಮಟ್ಟಿಗೆ 12 ವೋಲ್ಟ್ ಡಿಸಿ ಸಾಕು. ಹಲಗೆಯಡಿ ಉದ್ದಕ್ಕೂ ಮನೆ ವೈರಿಂಗಿನ 1.5 ಚದರ ಮಿ.ಮೀ. ಕೆಂಪು, ಕಪ್ಪು ತಂತಿ ಎಳೆದು ಪ್ರತಿ ಹಳಿ ತುಂಡಿಗೂ ಸಣ್ಣ ತಂತಿ ಬೆಸುಗೆ ಹಾಕಿ. ಹಳಿ ಕೂಡಿಸುವ ಜಾಯಿನರ್‌ಗಳನ್ನೇ ನಂಬಿದರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅವು ಕಪ್ಪಾಗಿ, ದೂರದ ತುದಿಯಲ್ಲಿ ಗಾಡಿ ನಿಧಾನವಾಗುತ್ತದೆ. ಬೆಸುಗೆ ಎರಡು ಸೆಕೆಂಡಿನಲ್ಲಿ ಮುಗಿಯಬೇಕು, ಇಲ್ಲವಾದರೆ ಪ್ಲಾಸ್ಟಿಕ್ ಸ್ಲೀಪರ್ ಕರಗಿ ಗೇಜ್ ಕೆಡುತ್ತದೆ. ಮುಗಿದ ಮೇಲೆ ಹಳಿಯ ಉದ್ದಕ್ಕೂ ಅಲ್ಲಲ್ಲಿ ಒಂದು ನಾಣ್ಯವನ್ನು ಅಡ್ಡಲಾಗಿ ಇಟ್ಟು ನೋಡಿ: ಪ್ರತಿ ಜಾಗದಲ್ಲೂ ವಿದ್ಯುತ್ ಕೊಡುವ ಕಂಟ್ರೋಲರ್ ತಕ್ಷಣ ಕಟ್ ಆಗಬೇಕು. ಆಗದಿದ್ದರೆ ಅಲ್ಲಿ ತಂತಿ ಸಣ್ಣದು ಅಥವಾ ಬೆಸುಗೆ ಸಡಿಲ ಎಂದರ್ಥ. ಮುಂದೆ ಗಾಡಿ ಹಳಿ ತಪ್ಪಿದಾಗ ಅಲ್ಲೇ ಏನಾದರೂ ಸುಡುತ್ತದೆ. ಪಾಯಿಂಟ್ ತಿರುಗಿಸಲು ಎಸ್‌ಜಿ90 ಸರ್ವೊ (ಪುಟ್ಟ ಮೋಟಾರು) ಅಗ್ಗ, ಆರ್ಡುಯಿನೊ ಕಲಿಯುವ ಮಕ್ಕಳಿಗೆ ಅದು ಪರಿಚಿತವೇ. ಆದರೆ ಪೆಕೊ ಪಾಯಿಂಟಿನೊಳಗಿನ ಸ್ಪ್ರಿಂಗ್ ತೆಗೆಯದೆ ಜೋಡಿಸಿದರೆ ಸರ್ವೊ ಅದರೊಡನೆ ಸೆಣಸಿ ಬಿಸಿಯಾಗುತ್ತದೆ. ಹಲಗೆಗಳು ಕೂಡುವಲ್ಲಿ ಹಳಿಯ ತುದಿಗಳನ್ನು ತಾಮ್ರದ ಪಿಸಿಬಿ ಪಟ್ಟಿಗೆ ಬೆಸೆದು ಆಮೇಲೆ ಕೊಯ್ಯಿರಿ. ಬೇಸಿಗೆಯಲ್ಲಿ ಹಳಿ ಹಿಗ್ಗಲು ಅರ್ಧ ಮಿ.ಮೀ. ಸಂದು ಇರಲಿ.

ವಿದ್ಯುತ್ ಕಂಬಗಳಿಲ್ಲದೆ ಇಂದಿನ ನಗರ ನಿಲ್ದಾಣ ಪೂರ್ಣವಾಗದು. ತಂತಿ ಹಳಿಯಿಂದ 55–56 ಮಿ.ಮೀ. ಎತ್ತರ. ನೇರ ಮಾರ್ಗದಲ್ಲಿ ಕಂಬಗಳ ಗರಿಷ್ಠ ಅಂತರ 72 ಮೀಟರ್. ನಿಲ್ದಾಣದೊಳಗೆ 54 ಸೆಂ.ಮೀ.ಗೆ ಒಂದರಂತೆ ಇಟ್ಟರೆ ಚೆನ್ನ. ಅರ್ಧ ಮಿ.ಮೀ. ಫಾಸ್ಫರ್ ಬ್ರಾಂಜ್ ತಂತಿ ಬಿಗಿಯಾಗಿ ನಿಲ್ಲುತ್ತದೆ, ತಾಮ್ರದ್ದು ಜೋತುಬೀಳುತ್ತದೆ. ಸಿಗ್ನಲ್‌ಗೆ 1.8 ಮಿ.ಮೀ. ಎಲ್‌ಇಡಿ, ಜೊತೆಗೆ 12 ವೋಲ್ಟಿಗೆ 4.7 ಕಿಲೋಓಮ್ ರೆಸಿಸ್ಟರ್. ಒಂದು ಕಿಲೋಓಮ್ ಹಾಕಿದರೆ ಪ್ಲಾಟ್‌ಫಾರಂ ತುದಿಯ ಸ್ಟಾರ್ಟರ್ ಸಿಗ್ನಲ್ ಕಣ್ಣು ಕುಕ್ಕುವಷ್ಟು ಉರಿಯುತ್ತದೆ. ನಾಮಫಲಕದಲ್ಲಿ ಮೊದಲು ಕನ್ನಡ, ಆಮೇಲೆ ಹಿಂದಿ, ಇಂಗ್ಲಿಷ್. ಜನರನ್ನು ಸಮ ಅಂತರದಲ್ಲಿ ನಿಲ್ಲಿಸದೆ ಪಾದಚಾರಿ ಸೇತುವೆಯ ಮೆಟ್ಟಿಲು, ಚಹಾ ಅಂಗಡಿ, ನಲ್ಲಿಯ ಸುತ್ತ ಗುಂಪಾಗಿ ಇಡಿ, 16–17 ಮಿ.ಮೀ. ಎತ್ತರದ ಮೂವತ್ತೇ ಗೊಂಬೆಗಳಿದ್ದರೂ ನಿಲ್ದಾಣ ತುಂಬಿದಂತೆ ಕಾಣುತ್ತದೆ.

ಕೊನೆಯದಾಗಿ ಮೇಳಗಳ ತೀರ್ಪುಗಾರರಲ್ಲಿ ಒಂದು ಕೋರಿಕೆ. ನಿಲ್ದಾಣದ ಮಾದರಿ ಎದುರಾದಾಗ ಬಣ್ಣ, ದೀಪಗಳಿಗೆ ಅಂಕ ಕೊಡುವ ಮೊದಲು ದಯವಿಟ್ಟು ಅಡಿಪಟ್ಟಿ ಹಿಡಿದು ಹಳಿಯ ಗೇಜ್, ಬೋಗಿಯ ಅಗಲ, ಪ್ಲಾಟ್‌ಫಾರಂ ಎತ್ತರ ಮೂರನ್ನೂ ಅಳೆಯಿರಿ; ಮೂರೂ ಒಂದೇ ಸ್ಕೇಲಿಗೆ ಬರುತ್ತವೆಯೇ ಎಂದು ಮಕ್ಕಳನ್ನೇ ಲೆಕ್ಕ ಮಾಡಲು ಹೇಳಿ. ಆಮೇಲೆ ಗಾಡಿಯನ್ನು ಹಿಂದಕ್ಕೆ ತಳ್ಳಿಸಿ ಎಲ್ಲ ಪಾಯಿಂಟುಗಳನ್ನೂ ದಾಟಿಸಿ. ಮುಂದಕ್ಕೆ ಎಳೆದಾಗ ಮುಚ್ಚಿಹೋಗುವ ತಪ್ಪುಗಳೆಲ್ಲ ತಳ್ಳಿದಾಗ ಹೊರಬೀಳುತ್ತವೆ.

ಇತಿ,
ಮಾದರಿ ರೈಲು ಹವ್ಯಾಸಿ, ಮೈಸೂರು