ಮಗಳಿಗೊಂದು ಪತ್ರ: ತಕರಾರು ಬರವಣಿಗೆಯಲ್ಲಿರಲಿ

ಪ್ರೀತಿಯ ಪುಟ್ಟಿ,

ವಾಪಸ್ ಕೊಟ್ಟ ಕೋಟಿನ 180 ಡಾಲರ್ ಇನ್ನೂ ಕ್ರೆಡಿಟ್ ಕಾರ್ಡ್ ಬಿಲ್ಲಿನಲ್ಲೇ ಇದೆ, ಬ್ಯಾಂಕಿಗೆ ಫೋನ್ ಮಾಡಿ ಹೇಳಿದ್ದೇನೆ ಅಂದೆಯಲ್ಲ. ಅಷ್ಟಕ್ಕೇ ಬಿಡಬೇಡ. ಕ್ರೆಡಿಟ್ ಕಾರ್ಡ್ ಬಿಲ್ಲಿನ ತಪ್ಪುಗಳಿಗೆಂದೇ ಇರುವ ಅಮೆರಿಕದ 1974ರ ಫೇರ್ ಕ್ರೆಡಿಟ್ ಬಿಲ್ಲಿಂಗ್ ಆ್ಯಕ್ಟ್ ಎಂಬ ಕಾಯ್ದೆ ಕೊಡುವ ರಕ್ಷಣೆ ಬರೀ ಫೋನಿಗೆ ಸಿಗುವುದಿಲ್ಲ, ಬರೆದೇ ಕೊಡಬೇಕು.

ಹೆಸರು, ಖಾತೆ ಸಂಖ್ಯೆ, ಮೊತ್ತ, ತಾರೀಖು, ಯಾಕೆ ತಪ್ಪು ಎಂಬುದು, ಇಷ್ಟು ಒಂದೇ ಪುಟದಲ್ಲಿ ಬರೆ. ವಾಪಸಾತಿ ರಸೀದಿಯ ಜೆರಾಕ್ಸ್ ಲಗತ್ತಿಸು, ಅಸಲು ನಿನ್ನಲ್ಲೇ ಇರಲಿ. ಬಿಲ್ಲಿನ ಹಿಂಬದಿಯಲ್ಲಿ ‘ಬಿಲ್ಲಿಂಗ್ ಇನ್‌ಕ್ವೈರೀಸ್’ ಎಂದು ಬೇರೆ ವಿಳಾಸ ಇರುತ್ತದೆ, ಅಲ್ಲಿಗೇ ಕಳಿಸು. ಹಣ ಕಟ್ಟುವ ವಿಳಾಸಕ್ಕೆ ಹೋದ ಪತ್ರ ಲೆಕ್ಕಕ್ಕಿಲ್ಲ. ಸರ್ಟಿಫೈಡ್ ಮೇಲ್‌ನಲ್ಲಿ, ಮುಟ್ಟಿದ ರಸೀದಿ ಬರುವಂತೆ ಹಾಕು. ತಪ್ಪಿರುವ ಮೊದಲ ಬಿಲ್ಲನ್ನು ಬ್ಯಾಂಕ್ ಕಳಿಸಿದ ದಿನದಿಂದ 60 ದಿನದೊಳಗೆ ಪತ್ರ ಅವರಿಗೆ ಮುಟ್ಟಿರಬೇಕು. ‘ಮುಂದಿನ ತಿಂಗಳು ಸರಿಹೋಗುತ್ತದೆ’ ಅನ್ನುವ ಅಂಗಡಿಯವರ ಮಾತು ನಂಬಿ ಕೂತವರಿಗೆ ಈ ಗಡುವೇ ಕೈತಪ್ಪುವುದು.

ಪತ್ರ ಮುಟ್ಟಿದ 30 ದಿನದೊಳಗೆ ಬ್ಯಾಂಕ್ ಉತ್ತರ ಬರೆಯಬೇಕು. ಎರಡು ಬಿಲ್ಲಿಂಗ್ ಅವಧಿಯೊಳಗೆ, ಹೆಚ್ಚೆಂದರೆ 90 ದಿನದಲ್ಲಿ, ಇತ್ಯರ್ಥ ಮಾಡಬೇಕು. ಅಲ್ಲಿಯವರೆಗೆ ಆ 180 ಡಾಲರನ್ನೂ ಅದರ ಬಡ್ಡಿಯನ್ನೂ ನೀನು ಕಟ್ಟಬೇಕಿಲ್ಲ. ಆ ಮೊತ್ತಕ್ಕಾಗಿ ನಿನ್ನನ್ನು ಸುಸ್ತಿದಾರಳೆಂದು ಕ್ರೆಡಿಟ್ ಬ್ಯೂರೋಗೆ (ಸಾಲಗಾರರ ದಾಖಲೆ ಇಡುವ ಸಂಸ್ಥೆಗೆ) ವರದಿ ಮಾಡುವಂತೆಯೂ ಇಲ್ಲ. ಆದರೆ ಬಿಲ್ 640 ಆಗಿದ್ದರೆ ಉಳಿದ 460 ಗಡುವಿನೊಳಗೆ ಕಟ್ಟಲೇಬೇಕು. ಪೂರ್ತಿ ಬಿಲ್ಲಿಗೆ ಆಟೋಪೇ ಇಟ್ಟಿದ್ದರೆ ಮೊದಲು ಅದನ್ನು ಬದಲಿಸು, ಇಲ್ಲವಾದರೆ ತಕರಾರಿನ ಹಣವೂ ಹೊರಟುಹೋಗುತ್ತದೆ.

ಬ್ಯಾಂಕ್ ‘ನಮ್ಮದೇ ಸರಿ’ ಅಂದರೆ ಕಾರಣ ಬರೆದು ಕೊಡಬೇಕು, ದಾಖಲೆಗಳ ಪ್ರತಿ ಕೇಳು. ಒಪ್ಪಿಗೆಯಾಗದಿದ್ದರೆ ಆ ಉತ್ತರ ಕೈಸೇರಿದ 10 ದಿನದೊಳಗೆ ಮತ್ತೆ ಬರೆ. ಆಮೇಲೆ ಬಾಕಿ ಎಂದು ವರದಿ ಮಾಡಿದರೂ ‘ತಕರಾರಿದೆ’ ಎಂದೂ ಅದರಲ್ಲಿ ಸೇರಿಸಬೇಕಾಗುತ್ತದೆ.

ಇನ್ನೊಂದು ವಿಷಯ. ಕೊಂಡ ಸಾಮಾನು ಕಳಪೆ ಅನ್ನುವುದು ಬಿಲ್ ತಪ್ಪಲ್ಲ, ಅದಕ್ಕೆ ಬೇರೆ ನಿಯಮ. ಸಾಮಾನ್ಯವಾಗಿ ಬೆಲೆ 50 ಡಾಲರಿಗಿಂತ ಹೆಚ್ಚಿರಬೇಕು, ಖರೀದಿ ನಿನ್ನ ರಾಜ್ಯದಲ್ಲೋ ಮನೆಯಿಂದ 100 ಮೈಲಿಯೊಳಗೋ ಆಗಿರಬೇಕು. ಅಂಗಡಿಯವರ ಜೊತೆ ಬಗೆಹರಿಸಿಕೊಳ್ಳಲು ಮೊದಲು ಪ್ರಯತ್ನಿಸಿರಬೇಕು. ಎಲ್ಲಕ್ಕಿಂತ ಮುಖ್ಯ, ಆ ಹಣ ಇನ್ನೂ ಕಟ್ಟದೆ ಬಾಕಿ ಇರಬೇಕು. ಕಟ್ಟಿ ಮುಗಿಸಿದ್ದರೆ ಈ ಹಕ್ಕು ಇಲ್ಲ.

ಪತ್ರ ಬರೆದು ವಾಟ್ಸಾಪಿಗೆ ಕಳಿಸು, ಅಂಚೆಗೆ ಹಾಕುವ ಮೊದಲು ಒಮ್ಮೆ ನೋಡುತ್ತೇನೆ.

ನಿನ್ನ ಅಮ್ಮ